ಕುರ್ಚಿಗೂ ಸರಪಳಿ

ಕುಡಚಿ ಸೇತುವೆಯ ಈಚೆ ಬದಿಗೆ ಬ್ಯಾರಿಕೇಡ್ ಅಡ್ಡ ಹಾಕಿದ್ದರು. ಅದರ ಮುಂದೆ ಎರಡು ಎಮ್ಮೆ, ಒಂದು ಪೊಲೀಸ್ ಬೈಕು, ಮೊಬೈಲ್ ಎತ್ತಿ ಹಿಡಿದ ಹತ್ತಿಪ್ಪತ್ತು ಜನ. ಜುಲೈ ಕೊನೆಯ ವಾರ. ಆಕಾಶದಲ್ಲಿ ಒಂದು ಕರಿಮೋಡ ಇರಲಿಲ್ಲ. ರಾಯಬಾಗದಲ್ಲಂತೂ ನಾಲ್ಕು ದಿನದಿಂದ ಹನಿ ಬಿದ್ದಿರಲಿಲ್ಲ, ಗೋವಿನಜೋಳ ಬಾಡುತ್ತಿತ್ತು. ಕೃಷ್ಣೆ ಮಾತ್ರ ಸೇತುವೆಯ ಮೇಲೆಯೇ ಹರಿಯುತ್ತಿದ್ದಳು. ಉಗಾರಕ್ಕೆ ಹೋಗಬೇಕಾದವರಿಗೆ ಸುತ್ತು ಹಾಕಿ ಹೋಗಿ ಎಂದು ಪೊಲೀಸರು ಕೈ ಬೀಸುತ್ತಿದ್ದರು.

"ರಾಜಾಪುರದಿಂದ ಎಷ್ಟ ಬಿಟ್ಟಾರಂತ?"

"ಕೊಯ್ನಾದಾಗ ಮಳಿ ನಿಂತೈತಂತ. ನಾಳಿ ಇಳೀತೈತಿ ಬಿಡ್ರಿ."

ನಮ್ಮ ಕಡೆಯ ಮಹಾಪುರದ ರೀತಿಯೇ ಇದು. ಮಳೆ ಮಂದಿಯದು, ಹೊಳೆ ನಮ್ಮದು. ಮಹಾಬಳೇಶ್ವರದಲ್ಲಿ ವರ್ಷದ ಮಳೆ ಐದು ಸಾವಿರ ಮಿಲಿಮೀಟರ್ ದಾಟುತ್ತದೆ. ರಾಯಬಾಗಕ್ಕೆ ಅದರ ಹತ್ತರಲ್ಲೊಂದು ಪಾಲು ಬಿದ್ದರೆ ರೈತ ಮುಗಿಲಿಗೆ ಕೈ ಮುಗಿಯುತ್ತಾನೆ. 2005ರಲ್ಲಿ, ಮತ್ತೆ 2019ರಲ್ಲಿ ದಂಡೆಯ ಊರುಗಳು ಮುಳುಗಿದಾಗಲೂ ಹೊಳೆಯೊಳಗೆ ಬಂದ ನೀರಿನ ಬಹುಪಾಲು ಘಟ್ಟದ ಮೇಲಿನದು. ಆ ಘಟ್ಟಕ್ಕೆ ನೀರು ಹೊತ್ತು ತಂದದ್ದು ಸಮುದ್ರದ ಗಾಳಿ. ರಾಯಬಾಗದಿಂದ ನೇರ ಪಡುವಣಕ್ಕೆ ಗೆರೆ ಎಳೆದರೆ ಸುಮಾರು ನೂರೈವತ್ತು ಕಿಲೋಮೀಟರಿಗೆ, ದೇವಗಡ ಮತ್ತು ವಿಜಯದುರ್ಗದ ನಡುವೆ ಎಲ್ಲೋ, ಅರಬ್ಬಿ ಸಮುದ್ರ ಸಿಗುತ್ತದೆ. ಇಷ್ಟು ಹತ್ತಿರ ಇದ್ದರೂ ನಮ್ಮ ತಾಲ್ಲೂಕಿನವರಿಗೆ ಸಮುದ್ರವೆಂದರೆ ಗೋವಾ ಟ್ರಿಪ್ಪು, ಮರಳಿನಲ್ಲೊಂದು ಫೋಟೊ, ಅಷ್ಟೇ. ನಾನೂ ಅವರಲ್ಲೊಬ್ಬ.

ಹಾಗಾಗಿ ಬೆಂಗಳೂರಿನ ಪರಿಚಿತರೊಬ್ಬರು ಫೋನು ಮಾಡಿ, "ಮುರಗಾಂವ ಬಂದರಿಗೆ ಸಂಶೋಧನಾ ಹಡಗೊಂದು ಬಂದಿದೆ, ಎರಡು ದಿನ ನಿಲ್ಲುತ್ತದೆ, ಮತ್ತೆ ಮಳೆಯೊಳಗೇ ಹೊರಡುತ್ತದೆ, ಒಳಗೆ ನೋಡುತ್ತೀರಾ?" ಎಂದಾಗ ಹೂಂ ಅಂದೆ. ಹಡಗಿನ ಹೆಸರು, ಒಳಗಿನವರ ಹೆಸರು ಬರೆಯಬಾರದು ಎಂಬುದೊಂದೇ ಕರಾರು. ರಾಯಬಾಗ ಸ್ಟೇಷನ್ನಿನ ಹಳಿ ಬೆಳಗಾವಿ, ಲೋಂಡಾ ದಾಟಿ ಘಟ್ಟ ಇಳಿದು ವಾಸ್ಕೋ ಮುಟ್ಟುತ್ತದೆ. ಬೆಳಗಾವಿಯಲ್ಲಿ ರಾತ್ರಿ ಗಾಡಿ ಬದಲಿಸಿ ಮಲಗಿದೆ. ಲೋಂಡಾ ದಾಟಿದ ಮೇಲೆ ಡಬ್ಬಿಯ ತಗಡಿನ ಮೇಲೆ ಯಾರೋ ಜೋಳ ಸುರಿದಂತೆ ಮಳೆ ಶುರುವಾಯಿತು. ದೂಧಸಾಗರ ಕಾಣಲಿಲ್ಲ, ಕೇಳಿಸಿತು.

*

ಬಂದರಿನ ಪಾಸು, ಸಹಿ, ತಲೆಗೊಂದು ಹಳದಿ ಹೆಲ್ಮೆಟ್ಟು. ಕಬ್ಬಿಣದ ಅದಿರಿನ ಕೆಂಪು ಧೂಳು ಮಳೆಯಲ್ಲಿ ಕಲಸಿ ಕೆಸರಾಗಿತ್ತು. ಕಟ್ಟೆಗೆ ಕಟ್ಟಿದ ಹಡಗು ನಾನು ಎಣಿಸಿದ್ದಕ್ಕಿಂತ ಸಣ್ಣದು. ಸಿನಿಮಾದ ಹಡಗಲ್ಲ. ಉದ್ದದಲ್ಲಿ ನಾಲ್ಕೈದು ಕಬ್ಬಿನ ಲಾರಿ ಸಾಲಾಗಿ ನಿಲ್ಲಿಸಿದರೆ ಅದಕ್ಕಿಂತ ತುಸು ಹೆಚ್ಚು. ಹಿಂಭಾಗದಲ್ಲಿ ಬಾಗಿಲ ಚೌಕಟ್ಟಿನಂಥ ದೊಡ್ಡ ಕಬ್ಬಿಣದ ಕಮಾನು. ಕಟ್ಟೆಯ ಮೇಲೆ ಟೆಂಪೊದಿಂದ ಆಲೂಗಡ್ಡೆ, ಉಳ್ಳಾಗಡ್ಡಿ, ಹಾಲಿನಪುಡಿ, ಅಕ್ಕಿಮೂಟೆ ಇಳಿಯುತ್ತಿದ್ದವು. ಸಂತೆಯ ದಿನ ಚಿಂಚಲಿಯಲ್ಲಿ ನಿಂತ ಹಾಗೆಯೇ ಅನಿಸಿತು. ಏಣಿ ಮಾತ್ರ ಅಲುಗುತ್ತಿತ್ತು.

"ಎಡಗೈ ಯಾವಾಗಲೂ ಹಿಡಿಕೆಗೆ ಇರಲಿ ರೀ ಕಾಕಾ. ಇಲ್ಲಿ ಒಂದ ಕೈ ಹಡಗಿಂದು, ಒಂದ ಕೈ ನಮ್ಮದು."

ಬೆಚ್ಚಿಬಿದ್ದು ತಲೆ ಎತ್ತಿದೆ. ಗೋವಾದ ಬಂದರಿನಲ್ಲಿ 'ರೀ ಕಾಕಾ'! ಹುಡುಗ ನಕ್ಕ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಉಗಾರದ ಕಡೆಯವನು. ಐಟಿಐ ಮುಗಿಸಿ, ಸಕ್ಕರೆ ಕಾರ್ಖಾನೆಯಲ್ಲಿ ಎರಡು ಹಂಗಾಮು ದುಡಿದು, ಆಮೇಲೆ ಹೇಗೋ ಈ ಹಡಗಿನ ಡೆಕ್ಕಿಗೆ ಬಂದು ವಿಂಚ್ ನಡೆಸುತ್ತಿದ್ದಾನೆ. ನಾನು ರಾಯಬಾಗದವನು ಎಂದು ಪಾಸಿನಲ್ಲಿ ಓದಿಕೊಂಡಿದ್ದನಂತೆ. ನಮಸ್ಕಾರ ಆದ ಕೂಡಲೇ ಕೇಳಿದ್ದು ಒಂದೇ ಮಾತು.

"ಹೊಳಿ ಎಷ್ಟ ಬಂದೈತ್ರಿ?"

ಸೇತುವೆ ಮುಳುಗಿದೆ ಎಂದೆ. ಅವನು ತುಸು ಹೊತ್ತು ಸುಮ್ಮನಿದ್ದು, "ಬರ್ರಿ, ಮೊದಲ ಚಾ ಕುಡಿಯೂಣು" ಎಂದು ಒಳಗೆ ಕರೆದುಕೊಂಡು ಹೋದ.

ಊಟದ ಕೋಣೆಗೆ ಎಲ್ಲರೂ ಮೆಸ್ ಎನ್ನುತ್ತಾರೆ. ಅಲ್ಲಿ ಕುರ್ಚಿ ಎಳೆದುಕೊಳ್ಳಲು ಹೋದೆ, ಬರಲಿಲ್ಲ. ಬಗ್ಗಿ ನೋಡಿದರೆ ಕಾಲಿಗೆ ಸರಪಳಿ. ಪ್ರತಿ ಕುರ್ಚಿಯನ್ನೂ ನೆಲದ ಕೊಂಡಿಗೆ ಬಿಗಿದಿದ್ದಾರೆ. ಮೇಜಿನ ಅಂಚಿಗೆ ಸುತ್ತಲೂ ಎರಡು ಬೆರಳೆತ್ತರದ ಕಟ್ಟೆ. ಉಪ್ಪು, ಉಪ್ಪಿನಕಾಯಿ, ಸಾಸಿನ ಬಾಟಲಿಗಳಿಗೆ ತೂತು ಕೊರೆದ ಹಲಗೆಯ ಮನೆ. ಮೇಜಿನ ಬಟ್ಟೆ ಒದ್ದೆಯಾಗಿತ್ತು. ಯಾರೋ ನೀರು ಚೆಲ್ಲಿದ್ದಾರೆಂದು ನಾನು ಕೈ ಹಿಂದೆ ತೆಗೆದೆ. ಹವೆ ಕೆಟ್ಟಾಗ ಬಟ್ಟೆಯನ್ನು ಬೇಕೆಂದೇ ತೋಯಿಸುತ್ತಾರಂತೆ, ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ. ಬಂದರಿಗೆ ಬಂದು ಎರಡು ದಿನವಾದರೂ ಆ ರೂಢಿ ಬಿಟ್ಟಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಅದೊಂದೇ ಕಾಣತೊಡಗಿತು. ಹಡಗು ಕಟ್ಟೆಗೆ ಒರಗಿ ಮಲಗಿದ ಎಮ್ಮೆಯಂತೆ ಸುಮ್ಮನಿದೆ. ಒಳಗಿನ ಒಂದೊಂದು ಸಾಮಾನೂ ಬಿರುಗಾಳಿಯನ್ನು ನೆನಸಿಕೊಂಡೇ ನಿಂತಿದೆ. ಓಣಿಯ ಎರಡೂ ಗೋಡೆಗೆ ಸೊಂಟದೆತ್ತರಕ್ಕೆ ಹಿಡಿಕೆ. ಕಪಾಟಿನ ಪ್ರತಿ ಖಾನೆಗೂ ಕೊಕ್ಕೆ. ಬಾಗಿಲುಗಳು ಒಂದೋ ಪೂರ್ತಿ ಮುಚ್ಚಿರಬೇಕು, ಇಲ್ಲವೇ ಗೋಡೆಗೆ ಸಿಕ್ಕಿಸಿರಬೇಕು. ನಡುವೆ ಬಿಟ್ಟರೆ ಯಾರದಾದರೂ ಬೆರಳು ಹೋಯಿತೆಂದೇ ಲೆಕ್ಕ. ಹೊರಬಾಗಿಲುಗಳ ಹೊಸ್ತಿಲು ಮೊಣಕಾಲೆತ್ತರ. ನಮ್ಮ ಹಳೆ ವಾಡೆಗಳ ಹೊಸ್ತಿಲೂ ಇಷ್ಟೆತ್ತರ ಇರಲಿಲ್ಲ.

*

ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಂತೆ. ಹಡಗಿನ ಅಡುಗೆಯವರಿಗೆ ಹಳೆಯ ನಾವಿಕರ ಬಾಯಲ್ಲಿ ಭಂಡಾರಿ ಎಂದು ಹೆಸರು. ಡೆಕ್ಕಿನ ಮುಖಂಡ ಬೋಸನ್, ಹಳಬರಿಗೆ ಅವನು ಸಾರಂಗ. ಈ ಭಂಡಾರಿ ರತ್ನಾಗಿರಿ ಕಡೆಯವರು, ಐವತ್ತು ದಾಟಿದವರು. ಅವರ ಮರಾಠಿಗೆ ನಮ್ಮ ಗಡಿಯ ಮರಾಠಿ ಹೊಂದಿಕೆಯಾಯಿತು.

ಒಲೆ ಕರೆಂಟಿನದು. ಅದರ ಸುತ್ತಲೂ ಕಬ್ಬಿಣದ ಸರಳಿನ ಬೇಲಿ. ಅಡ್ಡಸರಳು ಸರಿಸಿ ಪಾತ್ರೆಗೆ ಬಿಗಿಯಾಗುವಂತೆ ನಿಲ್ಲಿಸಬಹುದು. ಹವೆ ಕೆಟ್ಟ ದಿನ ಎಣ್ಣೆಯಲ್ಲಿ ಕರಿಯುವುದು ಬಂದ್. ಬೇಳೆ, ಸಾರು ಯಾವುದನ್ನೂ ಪಾತ್ರೆಯ ಅರ್ಧಕ್ಕಿಂತ ಮೇಲೆ ಕುದಿಸುವುದಿಲ್ಲ, ಅಂದರೆ ಐವತ್ತು ಜನರ ಸಾರನ್ನು ಎರಡು ಸಲ ಮಾಡಬೇಕು. ಚಪಾತಿ ಲಟ್ಟಿಸುವಾಗ ಕಾಲಗಲಿಸಿ, ಸೊಂಟವನ್ನು ಕಟ್ಟೆಗೆ ಒತ್ತಿ ನಿಲ್ಲಬೇಕು. ಹಡಗು ಎಡಕ್ಕೆ ವಾಲಿದಾಗ ಚಪಾತಿ ಎಡಕ್ಕೆ ಬೆಳೆಯುತ್ತದೆ ಎಂದು ನಕ್ಕರು. "ಸಮುದ್ರ ಸುಮ್ಮನಿದ್ದಾಗ ಉಪ್ಪು ಕಡಿಮೆ, ಖಾರ ಹೆಚ್ಚು ಅಂತ ನೂರು ತಕರಾರು. ಎದ್ದಾಗ ತಕರಾರೇ ಇಲ್ಲ, ಊಟಕ್ಕೇ ಯಾರೂ ಬರೋದಿಲ್ಲ." ಆದರೂ ಅಡುಗೆ ಮಾಡಲೇಬೇಕು. ನಾಲ್ಕು ತಾಸಿಗೊಮ್ಮೆ ಪಾಳಿ ಬದಲಾಗುತ್ತದೆ. ಮಧ್ಯರಾತ್ರಿ ಹನ್ನೆರಡಕ್ಕೆ ಎದ್ದು ಹೋಗುವವನಿಗೂ, ನಾಲ್ಕಕ್ಕೆ ಮುಗಿಸಿ ಬರುವವನಿಗೂ ಬಿಸಿ ಚಹಾ ಇರಬೇಕು. ಥರ್ಮಾಸುಗಳನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಗೋಡೆಗೆ ಬಿಗಿದಿದ್ದರು. ಅದೊಂದು ಮಾತ್ರ ನನಗೆ ಪೂರ್ತಿ ಅರ್ಥವಾದ ತಂತ್ರಜ್ಞಾನ. ನಮ್ಮಲ್ಲಿ ಹಾಲಿನ ಕ್ಯಾನು ಬೈಕಿಗೆ ಕಟ್ಟುವುದೂ ಅದರಿಂದಲೇ.

ಸಮುದ್ರದ ಬೇನೆಯ ಮಾತು ಇಲ್ಲೇ ಬಂತು. ಕಿವಿಯ ಒಳಗಿನ ತೂಕದ ಕೊಳವೆಗಳು ಮೈ ಅಲುಗುತ್ತಿದೆ ಎನ್ನುತ್ತವೆ, ಎದುರಿನ ಗೋಡೆ ನೋಡುವ ಕಣ್ಣು ಇಲ್ಲ ಎನ್ನುತ್ತದೆ. ಈ ಇಬ್ಬರ ಜಗಳದಲ್ಲಿ ಹೊಟ್ಟೆ ತಿರುಗುತ್ತದೆ. ಮಾತ್ರೆ ಉಂಟು, ಹೊರಡುವ ಮೊದಲೇ ನುಂಗಬೇಕು. ಒಮ್ಮೆ ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಸಮುದ್ರಕ್ಕೇ ಹೋಗುತ್ತದೆ. ಡೆಕ್ಕಿಗೆ ಬಂದು ದಿಗಂತದ ಗೆರೆ ನೋಡುತ್ತ ನಿಲ್ಲು ಎನ್ನುತ್ತಾರೆ, ಆದರೆ ಹವೆ ಪೂರ್ತಿ ಕೆಟ್ಟಾಗ ಡೆಕ್ಕಿಗೆ ಬರುವಂತೆಯೇ ಇಲ್ಲ. ಆಗ ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗೆ ಅಂಗಾತ ಬಿದ್ದುಕೊಳ್ಳಬೇಕು. ತೊಟ್ಟಿಲಿನ ನಡುವೆ ತೂಗು ಕಡಿಮೆ. ಹೊಟ್ಟೆ ಖಾಲಿ ಬಿಡಬಾರದು, ಒಣದಿರಬೇಕು ತಿನ್ನುವುದು. ಎಲ್ಲ ಹಡಗುಗಳಲ್ಲೂ ಅದಕ್ಕೆ ಬಿಸ್ಕತ್ತು ಇಡುತ್ತಾರೆ.

ನಮ್ಮ ಹುಡುಗನ ಬಳಿ ಅದಕ್ಕಿಂತ ಒಳ್ಳೆಯದಿತ್ತು. ಅವನ ಕೋಣೆಯ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದ. ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಂಡಿ ಬೆಲ್ಲ, ಒಣಶುಂಠಿ. ಅವ್ವ ಕಟ್ಟಿಕೊಟ್ಟದ್ದು. "ಮೊದಲನೇ ಸಲಾ ಬಂದಾಗ ಮೂರು ದಿನಾ ಎದ್ದಿಲ್ರಿ. ನಾಲ್ಕನೇ ದಿನಾ ಒಂದ ರೊಟ್ಟಿ ಮುರದು ಬಾಯಾಗ ಇಟ್ಟೆ, ನಿಂತಿತು. ಈಗ ಇದರಾಗಿಂದು ಅರ್ಧಾ ಸೈಂಟಿಸ್ಟ್ ಮಂದೀನ ತಿಂತಾರ." ಎರಡು ತಿಂಗಳಾದರೂ ಬೂಸ್ಟು ಹಿಡಿಯದ ರೊಟ್ಟಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಹೂಡಿ ಹೋಗುತ್ತಿದ್ದ ಕಾಲದಿಂದ ನಮ್ಮವರು ದಾರಿಗೆ ಕಟ್ಟಿಕೊಂಡು ಬಂದದ್ದು ಇದನ್ನೇ. ಇದು ಹಡಗು ಹತ್ತಿದ್ದು ನೋಡಿ ಯಾಕೋ ಬಹಳ ಖುಷಿಯಾಯಿತು.

ಕೋಣೆಯಲ್ಲಿ ಎರಡು ಹಾಸಿಗೆ, ಒಂದರ ಮೇಲೊಂದು. ಹಾಸಿಗೆಯ ಅಂಚಿಗೆ ಎತ್ತರದ ಹಲಗೆ. ಅಷ್ಟೂ ಸಾಲದೆ, ಹೊರಳಾಟದ ರಾತ್ರಿಗಳಲ್ಲಿ ಹಾಸಿಗೆಯ ಹೊರ ಅಂಚಿನ ಕೆಳಗೆ ಲೈಫ್ ಜಾಕೆಟ್ ತುರುಕಿ ಅದನ್ನು ದೋಣಿಯ ಹಾಗೆ ಗೋಡೆಯ ಕಡೆ ವಾಲಿಸುತ್ತಾರೆ. ಮೈ ಗೋಡೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡರೆ ಒಂದಿಷ್ಟು ನಿದ್ದೆ. ಸ್ನಾನದ ಕೋಣೆಯಲ್ಲಿ ಹಿಡಿಕೆ, ಕಕ್ಕಸದಲ್ಲಿ ಎರಡು ಹಿಡಿಕೆ. ವಿವರ ಬೇಡ.

*

ಪ್ರಯೋಗಾಲಯ ಎರಡು, ಒಂದು ಒಣದು, ಒಂದು ಹಸಿ. ಒಣದರಲ್ಲಿ ಕಂಪ್ಯೂಟರುಗಳು, ಎಲ್ಲವನ್ನೂ ಪಟ್ಟಿಯಿಂದ ಮೇಜಿಗೆ ಕಟ್ಟಲಾಗಿದೆ. ಹಸಿಯದರಲ್ಲಿ ತೊಟ್ಟಿ, ಕೊಳವೆ, ಸಾಲು ಸಾಲು ಬಾಟಲಿಗಳ ಪೆಟ್ಟಿಗೆ. ಮುಂದಿನ ಯಾನಕ್ಕೆ ಬಂದಿದ್ದ ವಿಜ್ಞಾನಿಯೊಬ್ಬರು ಅಲ್ಲಿ ಬಾಟಲಿಗಳಿಗೆ ನಂಬರು ಬರೆಯುತ್ತಿದ್ದರು. ಮಲೆನಾಡಿನ ಹುಡುಗಿ, ಬೆಂಗಳೂರಿನಲ್ಲಿ ಓದಿದ್ದು. ಅವರ ಮಾತಿನಲ್ಲಿ ನನಗೆ ಹಡಗಿನ ದಿನಚರಿ ಸಿಕ್ಕಿತು.

ನಡುಸಮುದ್ರದಲ್ಲಿ ಮೊದಲೇ ಗೊತ್ತು ಮಾಡಿದ ಒಂದು ಜಾಗ, ಅದಕ್ಕೆ ಸ್ಟೇಷನ್ ಎನ್ನುತ್ತಾರೆ. ಅಲ್ಲಿ ಹಡಗು ನಿಲ್ಲುತ್ತದೆ. ಲಂಗರು ಹಾಕುವಂತಿಲ್ಲ, ತಳ ಕಿಲೋಮೀಟರುಗಟ್ಟಲೆ ಕೆಳಗಿದೆ. ಮುಂದೆ, ಹಿಂದೆ, ಅಡ್ಡಕ್ಕೆ ತಿರುಗುವ ಯಂತ್ರಗಳನ್ನು ಉಪಗ್ರಹದ ಲೆಕ್ಕಕ್ಕೆ ಹೊಂದಿಸಿ, ಗಾಳಿಗೆ ಮೂಗು ಕೊಟ್ಟು ನಿಂತಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಸಿಟಿಡಿ ಇಳಿಯುತ್ತದೆ. ದುಂಡನೆಯ ಕಬ್ಬಿಣದ ಚೌಕಟ್ಟು, ಸುತ್ತಲೂ ತೋಪಿನ ನಳಿಗೆಯಂಥ ಬೂದುಬಣ್ಣದ ಬಾಟಲಿಗಳು, ನಡುವೆ ಉಪ್ಪು, ಬಿಸಿ, ಒತ್ತಡ ಅಳೆಯುವ ಸಾಧನ. ತಂತಿಯ ತುದಿಗೆ ಕಟ್ಟಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಬಿಡುತ್ತಾರೆ. ಸಾವಿರ ಮೀಟರ್ ಇಳಿಸಿ, ಬೇಕಾದ ಆಳದಲ್ಲಿ ಒಂದೊಂದು ಬಾಟಲಿಯ ಬಾಯಿ ಮುಚ್ಚಿಸಿ ಮೇಲೆತ್ತಲು ತಾಸಿನ ಹತ್ತಿರ ಬೇಕು. ಕೆಳಗೆ ನೀರು ಹತ್ತು ಡಿಗ್ರಿಗಿಂತ ತಂಪು. ಒತ್ತಡ ಎಷ್ಟೆಂದರೆ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಒಂದು ಕ್ವಿಂಟಾಲ್ ಭಾರ. ಮೆಸ್ಸಿನ ಗೋಡೆಯ ಮೇಲೆ ಬೊಂಬೆಯಾಟದ ಸಾಮಾನಿನಂತೆ ಪುಟ್ಟ ಪುಟ್ಟ ಥರ್ಮಾಕೋಲ್ ಲೋಟಗಳನ್ನು ನೇತುಹಾಕಿದ್ದು ನೋಡಿದ್ದೆ. ದೊಡ್ಡ ಲೋಟದ ಮೇಲೆ ಪೆನ್ನಿನಿಂದ ಮಕ್ಕಳ ಹೆಸರು ಬರೆದು ಸಿಟಿಡಿಯ ಜೊತೆ ಚೀಲದಲ್ಲಿ ಕಟ್ಟಿ ಇಳಿಸಿದರೆ, ಒತ್ತಡಕ್ಕೆ ಹೀಗೆ ಕುಗ್ಗಿ ಬರುತ್ತವೆ. ಅದು ಇಲ್ಲಿಯವರು ಮನೆಗೆ ಒಯ್ಯುವ ಜಾತ್ರೆಯ ಆಟಿಗೆ.

"ಹೊತ್ತಿಲ್ಲ, ಗೊತ್ತಿಲ್ಲ" ಎಂದರು ಆಕೆ. "ರಾತ್ರಿ ಎರಡೂವರೆಗೆ ಸ್ಟೇಷನ್ ಬಂದರೆ ಎರಡೂವರೆಗೆ ಏಳಬೇಕು. ಬಾಟಲಿಯಿಂದ ನೀರು ತುಂಬಿಕೊಳ್ಳುವುದಕ್ಕೂ ಒಂದು ಸರದಿ ಇದೆ. ಕರಗಿದ ಆಮ್ಲಜನಕ ಅಳೆಯುವವರು ಮೊದಲು, ಗಾಳಿ ಸೋಕಿದರೆ ಅವರ ನೀರು ಕೆಟ್ಟಿತು. ಉಪ್ಪಿನವರು ಕೊನೆಗೆ. ಪಕ್ಕದಲ್ಲಿ ಒಂದು ಬಕೆಟ್ಟು. ವಾಂತಿ ಬಂದರೆ ಬಕೆಟ್ಟಿಗೆ ಬಗ್ಗಿ, ಎದ್ದು, ಮುಂದಿನ ಬಾಟಲಿ. ಕಾಗದದ ಮೇಲೆ ಬರೆಯುವ ಜಾಗ ಖಾಲಿ ಬಿಡುವ ಹಾಗಿಲ್ಲ."

ನನಗೆ ಕುಡಚಿಯ ಸೇತುವೆ ನೆನಪಾಯಿತು. ಮಹಾಪುರದ ರಾತ್ರಿಗಳಲ್ಲಿ ನಮ್ಮ ದಂಡೆಯ ಊರಿನವರು ನೀರಿನ ಅಂಚಿಗೆ ಒಂದು ಕಲ್ಲಿಟ್ಟು, ಗಳಿಗೆಗೊಮ್ಮೆ ಬ್ಯಾಟರಿ ಹಿಡಿದು ಹೋಗಿ ನೋಡುತ್ತಾರೆ. ಕಲ್ಲು ಮುಳುಗಿದರೆ ಹಿಂದೆ ಇನ್ನೊಂದು ಕಲ್ಲು. ಅಲ್ಲಿ ಹೊಟ್ಟೆ ತೊಳಸುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ.

*

ಹಿಂದಿನ ಡೆಕ್ಕಿಗೆ ಹೋದಾಗ ಮಳೆ ಜೋರಾಯಿತು. ಹುಡುಗ ತನ್ನ ವಿಂಚನ್ನು ಎತ್ತು ತೋರಿಸುವವನ ಠೀವಿಯಲ್ಲಿ ತೋರಿಸಿದ. ಉರುಳೆಗೆ ಸುತ್ತಿದ ಸಾವಿರಾರು ಮೀಟರ್ ತಂತಿ, ಬೆರಳ ದಪ್ಪಕ್ಕಿಂತ ಕಡಿಮೆ. ಹವೆ ಕೆಟ್ಟಾಗ ಕೆಲಸದಲ್ಲಿ ಕಠಿಣವಾದದ್ದು ನಡುವಿನ ಎರಡು ನಿಮಿಷ, ಸಿಟಿಡಿ ಡೆಕ್ ಬಿಟ್ಟಿದೆ, ನೀರು ಮುಟ್ಟಿಲ್ಲ. ನೂರಾರು ಕಿಲೋದ ಕಬ್ಬಿಣ ಗಾಳಿಯಲ್ಲಿ ಗಂಟೆಯ ನಾಲಿಗೆಯಂತೆ ತೂಗಾಡುತ್ತದೆ. ಎರಡೂ ಬದಿಗೆ ಹಗ್ಗ ಹಿಡಿದು, ಸೊಂಟಕ್ಕೆ ಪಟ್ಟಿ ಕಟ್ಟಿ ಡೆಕ್ಕಿಗೆ ಬಿಗಿದುಕೊಂಡ ನಾಲ್ವರು ಅದನ್ನು ಜಗ್ಗಿ ನಿಲ್ಲಿಸಬೇಕು. ನೀರು ಮುಟ್ಟಿದ ಮೇಲೂ ನೆಮ್ಮದಿ ಇಲ್ಲ. ಹಡಗು ತೆರೆಯ ಮೇಲೆ ಎದ್ದಾಗ ತಂತಿ ಬಿಗಿಯುತ್ತದೆ, ಬಿದ್ದಾಗ ಸಡಿಲಾಗುತ್ತದೆ. ಸಡಿಲಾದದ್ದು ಒಮ್ಮೆಲೆ ಜಗ್ಗಿದರೆ ಹರಿದುಹೋಗಬಹುದು. ಆದ್ದರಿಂದ ಅವನ ಕಣ್ಣು ಸಮುದ್ರದ ಮೇಲಲ್ಲ, ಎಳೆತದ ಮುಳ್ಳಿನ ಮೇಲೆ.

"ಹರದ ಹೋದ್ರ?"

"ಹೋತು. ಕೋಟಿ ಲೆಕ್ಕಾ ರೀ."

ಎಲ್ಲವೂ ಹೋಗುವುದಿಲ್ಲ. ತಳಕ್ಕೆ ಕಟ್ಟಿ ತಿಂಗಳುಗಟ್ಟಲೆ ಬಿಟ್ಟ ಉಪಕರಣ ಕರೆದರೂ ಮೇಲೆ ಬಾರದಿದ್ದರೆ, ಉದ್ದ ಹಗ್ಗಕ್ಕೆ ಕೊಕ್ಕೆಗಳ ಗೊಂಚಲು ಕಟ್ಟಿ ಸಮುದ್ರದ ತಳದಲ್ಲಿ ಎಳೆದಾಡಿ ಹುಡುಕುವುದುಂಟು. ಆ ಕೊಕ್ಕೆಯನ್ನು ಅವನು ಪೆಟ್ಟಿಗೆಯಿಂದ ಎತ್ತಿ ತೋರಿಸಿದಾಗ ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು: ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ತೆಗೆಯಲು ಓಣಿಗೊಬ್ಬರ ಮನೆಯಲ್ಲಿ ಇರುತ್ತಿತ್ತಲ್ಲ, ಅದೇ, ಅದರ ದೊಡ್ಡಪ್ಪ.

ಸಿಟಿಡಿ ಇಳಿಸಬೇಕೋ ಬೇಡವೋ ಎಂಬುದನ್ನು ಮುಖ್ಯ ವಿಜ್ಞಾನಿ ಕೇಳುತ್ತಾರೆ, ಕ್ಯಾಪ್ಟನ್ ಹೇಳುತ್ತಾರೆ. ಕ್ಯಾಪ್ಟನ್ ಬೇಡವೆಂದರೆ ಮುಗಿಯಿತು. ಆದರೆ ಇಲ್ಲೊಂದು ಪೇಚಿದೆ, ನನಗೆ ಇಡೀ ಭೇಟಿಯಲ್ಲಿ ಹೆಚ್ಚು ಹಿಡಿಸಿದ್ದು. ಇವರು ಅಳೆಯಲು ಬಂದದ್ದೇ ಮಳೆಗಾಲದ ಕೆಟ್ಟ ಹವೆಯನ್ನು. ಹವೆ ಕೆಟ್ಟಿದೆ ಎಂದು ಕೈಕಟ್ಟಿ ಕೂತರೆ ಬೇಕಾದ ದಿನದ್ದೇ ಅಳತೆ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಸಮುದ್ರವನ್ನೇ ನಂಬಿದ ಮೊಗವೀರರು ಬಲೆ ಹೆಣೆಯುತ್ತ ದಡದಲ್ಲಿ ಕೂತಾಗ, ಓದುಬರಹದ ಈ ಮಂದಿ ಹೊರಡುತ್ತಾರೆ.

*

ಎಲ್ಲಕ್ಕೂ ಮೇಲಿನ ಚಾಲಕಕೋಣೆಗೆ ಬ್ರಿಜ್ ಎನ್ನುತ್ತಾರೆ. ಸೇತುವೆಯಿಂದ ಹೊರಟು ಸೇತುವೆಗೇ ಬಂದೆ ಎಂದು ನಾನೇ ನಕ್ಕುಕೊಂಡೆ. ಗೋಡೆಯಲ್ಲಿ ಹಡಗು ಎಡಬಲಕ್ಕೆ ಎಷ್ಟು ಡಿಗ್ರಿ ವಾಲಿತೆಂದು ತೋರಿಸುವ ಮುಳ್ಳು, ಈಗ ಸೊನ್ನೆಯ ಆಚೀಚೆ ಕದಲದಂತೆ ನಿಂತಿತ್ತು. ಪಾಳಿಯ ಅಧಿಕಾರಿ ದಿನಚರಿಯ ದಪ್ಪ ಪುಸ್ತಕ ತೋರಿಸಿದರು. ಗಾಳಿಯ ದಿಕ್ಕು, ವೇಗ, ವಾಯುಭಾರ, ತೆರೆಯ ಎತ್ತರ. ಯಂತ್ರಗಳು ಎಷ್ಟೇ ಇರಲಿ, ಸಮುದ್ರದ ಮುಖ ನೋಡಿ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕ ಕೊಡುವ ಬೋಫರ್ಟ್ ಎಂಬ ಹಳೆಯ ಪದ್ಧತಿ ಇನ್ನೂ ಬಳಕೆಯಲ್ಲಿದೆ. ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ ಮೂರು, ನಾಲ್ಕು. ನೊರೆ ಗಾಳಿಯ ದಿಕ್ಕಿಗೆ ಉದ್ದುದ್ದ ಗೆರೆಯಾಗಿ ಹರಿದರೆ ಎಂಟು. ಹಿಂದಿನ ಯಾನದ ಪುಟಗಳಲ್ಲಿ ಏಳು, ಏಳು, ಎಂಟು, ಏಳು ಎಂದು ಸಾಲಾಗಿತ್ತು. ಒಂದು ಕಡೆ ಅಕ್ಷರ ಪುಟದಿಂದ ಜಾರಿಹೋಗಿತ್ತು, ಬರೆಯುವಾಗ ಹಡಗು ಹೊರಳಿದ್ದಿರಬೇಕು.

ಎಂಜಿನ್ ಕೋಣೆಯನ್ನೂ ತೋರಿಸಿದರು. ಶಾಖ, ಸದ್ದು, ಡೀಸೆಲ್ ವಾಸನೆ. ಅಲ್ಲೇ ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರವೂ ಇತ್ತು. ಹತ್ತು ನಿಮಿಷಕ್ಕೆ ನನ್ನ ಹೊಟ್ಟೆಯೂ ಮಾತಾಡತೊಡಗಿತು. ಹಡಗು ಕಟ್ಟೆಗೆ ಕಟ್ಟಿತ್ತೆಂಬುದನ್ನು ಇಲ್ಲಿ ಮತ್ತೊಮ್ಮೆ ಹೇಳಿಬಿಡುತ್ತೇನೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೇಲೆ ಬಂದು ಒಣಶುಂಠಿ ಅಗಿಯುತ್ತ ಕೂತಾಗ ಹುಡುಗನಿಗೆ ಒಂದು ಹಳೆ ಹಡಗಿನ ಕಥೆ ಹೇಳಿದೆ. ಬರುವ ಮೊದಲು ಓದಿಕೊಂಡು ಬಂದದ್ದು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸ್ಕಾಟ್ಲೆಂಡಿನಲ್ಲಿ ಭಾರತದ ನೌಕಾದಳಕ್ಕೆಂದು ಒಂದು ಜೋಡಿ ಯುದ್ಧನೌಕೆ ಕಟ್ಟಿದರು. ಕಟ್ಟಿದ ಕಂಪನಿಯ ಹೆಸರು ಯಾರೋ. ನಿಜಕ್ಕೂ ಅದೇ ಹೆಸರು, ಕನ್ನಡದಲ್ಲಿ ಬರೆದರೆ ಬರೆದವನೇ ಮರೆತಂತೆ ಕಾಣುತ್ತದೆ. ಆ ನೌಕೆಗಳಿಗೆ ನಮ್ಮ ಎರಡು ನದಿಗಳ ಹೆಸರು: ಒಂದು ಕಾವೇರಿ, ಇನ್ನೊಂದು ಕಿಸ್ಟ್ನಾ. ಕೃಷ್ಣೆಯನ್ನು ಇಂಗ್ಲಿಷರು ಆಗ ಹಾಗೆಯೇ ಬರೆಯುತ್ತಿದ್ದರು. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, 1960ರ ಹೊತ್ತಿಗೆ ಹಿಂದೂ ಮಹಾಸಾಗರವನ್ನು ಅರಿಯಲು ಹಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಯಾನವೊಂದನ್ನು ಕೈಗೊಂಡವು. ಜಗತ್ತಿನ ಮೂರನೇ ದೊಡ್ಡ ಸಾಗರ, ಆದರೂ ಎಲ್ಲಕ್ಕಿಂತ ಕಡಿಮೆ ಅಳತೆಯಾದದ್ದು. ಕೆಲವು ದೇಶಗಳು ಸಂಶೋಧನೆಗೆಂದೇ ಕಟ್ಟಿದ ದೊಡ್ಡ ಹಡಗು ತಂದವು. ನಮ್ಮಲ್ಲಿ ಅಷ್ಟು ದೊಡ್ಡದು ಇರಲಿಲ್ಲ. ನೌಕಾದಳ ತನ್ನ ಹಳೆಯ ಕಿಸ್ಟ್ನಾವನ್ನು ಕೊಟ್ಟಿತು. 1962ರಿಂದ 1965ರವರೆಗೆ ಅದರಲ್ಲಿ ನಮ್ಮ ವಿಜ್ಞಾನಿಗಳು ಅರಬ್ಬಿ ಸಮುದ್ರ, ಬಂಗಾಳಕೊಲ್ಲಿಗಳನ್ನು ಸುತ್ತಿ ನೀರು ತುಂಬಿಸಿಕೊಂಡು ಬಂದರು. ಆ ಯಾನದ ಭಾರತದ ಪಾಲನ್ನು ನಡೆಸಿದ ಎನ್.ಕೆ. ಪಣಿಕ್ಕರ್ ಅವರೇ 1966ರ ಜನವರಿ 1ರಂದು ಹುಟ್ಟಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕರಾದರು. ಆ ಸಂಸ್ಥೆ ಇರುವುದು ಈ ಬಂದರಿನ ಎದುರು ದಡದಲ್ಲಿ, ದೋನಾ ಪಾವ್ಲಾದಲ್ಲಿ. ಆಮೇಲೆ 1976ರಲ್ಲಿ 'ಗವೇಷಣಿ' ಬಂತು, 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ 'ಸಾಗರ ಕನ್ಯಾ', 2014ರಲ್ಲಿ ಸೂರತ್ತಿನಲ್ಲಿ ಕಟ್ಟಿದ 'ಸಿಂಧು ಸಾಧನಾ'.

"ಅಂದ್ರ ಮೊದಲ ಸಮುದ್ರ ಅಳದದ್ದು ನಮ್ಮ ಹೊಳಿ ಅನ್ರಿ" ಎಂದ ಹುಡುಗ. ಇತಿಹಾಸಕಾರರು ಒಪ್ಪಲಿಕ್ಕಿಲ್ಲ. ನಾನು ಒಪ್ಪಿದೆ.

ಬಾಟಲಿಗೆ ನಂಬರು ಬರೆಯುತ್ತಿದ್ದ ವಿಜ್ಞಾನಿ ಅಷ್ಟರಲ್ಲಿ ಊಟಕ್ಕೆ ಬಂದಿದ್ದರು. ಅವರು ಕೃಷ್ಣೆಯ ಕಥೆಗೆ ಇನ್ನೊಂದು ತುದಿ ಸೇರಿಸಿದರು. ಮಳೆಗಾಲದ ಬಿರುಗಾಳಿ ಅರಬ್ಬಿ ಸಮುದ್ರವನ್ನು ಕಡೆದು ತಂಪು ಮಾಡಿಬಿಡುತ್ತದೆ. ಬಂಗಾಳಕೊಲ್ಲಿ ಮಾತ್ರ ಅಷ್ಟು ತಂಪಾಗುವುದಿಲ್ಲ, ಅಲ್ಲಿ ಮೋಡದ ಮೇಲೆ ಮೋಡ ಹುಟ್ಟುತ್ತಲೇ ಇರುತ್ತವೆ. ಕಾರಣಗಳಲ್ಲೊಂದು ನದಿಗಳು. ಗಂಗೆ, ಬ್ರಹ್ಮಪುತ್ರೆ, ಗೋದಾವರಿ, ನಮ್ಮ ಕೃಷ್ಣೆ ಎಲ್ಲ ಅಲ್ಲಿಗೇ ಹೋಗಿ ಬೀಳುತ್ತವೆ. ಮುಂದೆ ತಟ್ಟೆಯಲ್ಲಿದ್ದ ಸಾರನ್ನು ತೋರಿಸಿ, "ನೋಡಿ, ತುಪ್ಪ ಹೇಗೆ ಮೇಲೆ ನಿಂತಿದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಮೇಲೆಯೇ ತೇಲುತ್ತದೆ. ಗಾಳಿ ಎಷ್ಟು ಕಡೆದರೂ ಕೆಳಗಿನ ತಂಪು ನೀರು ಸುಲಭವಾಗಿ ಮೇಲೆ ಬರುವುದಿಲ್ಲ" ಎಂದರು. ಇದನ್ನು ಹತ್ತಿರ ನಿಂತು ನೋಡಲು 1999ರ ಜುಲೈ, ಆಗಸ್ಟ್‌ನಲ್ಲಿ ಬಾಬ್‌ಮೆಕ್ಸ್ ಎಂಬ ಯಾನ ನಡೆಯಿತು, 'ಸಾಗರ ಕನ್ಯಾ'ದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಅದರ ಮುಂಚೂಣಿಯಲ್ಲಿದ್ದರು. 2016ರ ಜೂನ್ 24ರಿಂದ ಜುಲೈ 23ರವರೆಗೆ 'ಸಿಂಧು ಸಾಧನಾ'ದಲ್ಲಿ ಬಾಬಲ್ ಎಂಬ ಯಾನ. ಅದೇ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಏಡ್ರಿಯನ್ ಮ್ಯಾಥ್ಯೂಸ್ ಅದನ್ನು ನಡೆಸಿದರು. ಶ್ರೀಲಂಕೆಯ ಪೂರ್ವಕ್ಕೆ, ಎಂಟನೇ ಅಕ್ಷಾಂಶದ ಮೇಲೆ, ಮುಂಗಾರಿನ ನಡುವೆ, ಹಡಗು ಹತ್ತು ದಿನ ಒಂದೇ ಜಾಗ ಹಿಡಿದು ಅಳತೆ ತೆಗೆದುಕೊಂಡಿತು. ಅರಬ್ಬಿ ಸಮುದ್ರದ ಉಪ್ಪಾದ ನೀರು ಮುಂಗಾರಿನ ಪ್ರವಾಹದ ಜೊತೆ ಕೊಲ್ಲಿಗೆ ಬಂದು ಸಿಹಿಪದರದ ಅಡಿಗೆ ನುಸುಳುವುದನ್ನು ಕಂಡರು. ಸಮುದ್ರದಾಳದಲ್ಲಿ ತಾವಾಗಿ ತೇಲಿ ಮುಳುಗುವ ಗ್ಲೈಡರುಗಳನ್ನೂ ಬಿಟ್ಟಿದ್ದರು. ನಿಂತಲ್ಲಿ ಹತ್ತು ದಿನ ಹೊರಳುವುದೆಂದರೆ ಏನೆಂಬುದು, ಒದ್ದೆ ಮೇಜುಬಟ್ಟೆ ಮುಟ್ಟಿ ಬಂದ ನನಗೆ ಈಗ ಸ್ವಲ್ಪ ಗೊತ್ತಾಗುತ್ತದೆ.

ಅಂದರೆ ಕುಡಚಿಯಲ್ಲಿ ಬಸ್ಸು ತಡೆದ ನೀರು ಆಲಮಟ್ಟಿ, ಶ್ರೀಶೈಲ ಎಲ್ಲ ದಾಟಿ, ಉಳಿದಷ್ಟು ಕೊಲ್ಲಿಗೆ ಸೇರಿ, ಆ ತುಪ್ಪದ ಪದರದಲ್ಲಿ ಒಂದು ಹನಿಯಾಗಿ ಕೂತು, ಮುಂದಿನ ಮೋಡಕ್ಕೆ ಕಾವು ಕೊಡುತ್ತದೆ. ಸಾವಿರದ ನಾನೂರು ಕಿಲೋಮೀಟರ್ ಹರಿಯುವ ಹೊಳೆ ಹುಟ್ಟುವುದು ಅರಬ್ಬಿ ಸಮುದ್ರದಿಂದ ಬರೇ 64 ಕಿಲೋಮೀಟರ್ ದೂರದಲ್ಲಿ. ಅದಕ್ಕೆ ಬೆನ್ನು ಹಾಕಿ ಹೊರಡುತ್ತದೆ.

*

ಮಧ್ಯಾಹ್ನ ಮೂರಕ್ಕೆ ಇಳಿಯುವ ಹೊತ್ತಾಯಿತು. ಮರುದಿನ ನಸುಕಿನಲ್ಲಿ ಹಡಗು ಹೊರಡಲಿತ್ತು. ಡೆಕ್ಕಿನಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಬೋಸನ್ ಗಂಟು ಹಾಕುವುದನ್ನು ಕಲಿಸುತ್ತಿದ್ದ. ಅವರಲ್ಲೊಬ್ಬ ಆಗಲೇ ಮಾತ್ರೆ ನುಂಗುತ್ತಿದ್ದ.

ಹುಡುಗ ಏಣಿಯವರೆಗೆ ಬಂದ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಉಪಗ್ರಹದ ಇಂಟರ್ನೆಟ್ ವಿಜ್ಞಾನಿಗಳ ಮೇಲ್‌ಗೇ ಸಾಲದು. ಯಾನ ಇಪ್ಪತ್ತೈದು ದಿನದ್ದು.

"ಕಾಕಾ, ಒಂದ ಕೆಲಸಾ ಮಾಡ್ತೀರಿ? ನೀರ ಇಳದ ಮ್ಯಾಲೆ ಉಗಾರಕ್ಕ ಹ್ವಾದ್ರ, ನಮ್ಮ ಮನಿ ಹಿಂದ ಬೇವಿನ ಗಿಡಾ ಐತಿ. ಅದರ ಬುಡಕ ನಮ್ಮಪ್ಪ ಕಲ್ಲ ಇಟ್ಟಿರ್ತಾನ. ಎಲ್ಲಿತನಾ ಬಂದಿತ್ತು ನೋಡಿ ನನಗ ಒಂದ ಮೆಸೇಜ್ ಹಾಕ್ರಿ. ಅವ್ರನ್ನ ಕೇಳಿದ್ರ ಏನೂ ಆಗಿಲ್ಲ ಅಂತಾರ, ನಾ ಇಲ್ಲಿ ಚಿಂತಿ ಮಾಡ್ತನಂತ."

ಮೂರನೇ ದಿನ ಸೇತುವೆ ತೆರವಾಯಿತು. ಕೆಸರು ಬಳಿದ ರಸ್ತೆಯಲ್ಲಿ ಬೈಕು ನಡೆಸಿಕೊಂಡು ಹೋದೆ. ಬಾಗಿದ ಕಬ್ಬು, ಮುಳ್ಳುಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ, ಹಸಿ ಮಣ್ಣಿನ ವಾಸನೆ. ಬೇವಿನ ಗಿಡದ ಹಿಂದೆ ಒಂದಲ್ಲ, ಸಾಲಾಗಿ ಏಳು ಕಲ್ಲಿದ್ದವು, ಒಂದಕ್ಕಿಂತ ಒಂದು ಮನೆಗೆ ಹತ್ತಿರ. ಕೊನೆಯದು ದನದ ಕೊಟ್ಟಿಗೆಯ ಮೆಟ್ಟಿಲ ಮೇಲಿತ್ತು, ಒಣದು. ಆರನೆಯದರ ಮೈಗೆ ಅರ್ಧದವರೆಗೆ ಕೆಸರಿನ ಗೆರೆ. ಅವನ ಅಪ್ಪ ಗೆರೆಯ ಮೇಲೆ ಎರಡು ಬೆರಳಿಟ್ಟು ತೋರಿಸಿದರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು.

ಫೋಟೊ ತೆಗೆದು, 'ಆರನೇ ಕಲ್ಲು, ಅರ್ಧ. ಕೊಟ್ಟಿಗೆ ಒಣಗಿದೆ. ನೀರು ಇಳಿಯುತ್ತಿದೆ' ಎಂದು ಬರೆದು, ತಾರೀಖು, ವೇಳೆ ಎರಡನ್ನೂ ಹಾಕಿ ಕಳಿಸಿದೆ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ದಿನವಾಯಿತು. ಇನ್ನೂ ಒಂದೇ ಟಿಕ್ ಇದೆ.